ಜ್ಯಾಂಗೊ 1.11ರಲ್ಲಿರುವ ಸೈಟ್ ನಿಧಾನ: ಅಪ್‌ಗ್ರೇಡ್ ಮಾಡಿದರೆ ವೇಗ ಬರುತ್ತಾ?

ಪ್ರಶ್ನೆ: ದಾವಣಗೆರೆಯಲ್ಲಿ ಕನ್ನಡ ಪುಸ್ತಕ ಮಾರುವ ಒಂದು ಸಣ್ಣ ಸೈಟ್ ನೋಡಿಕೊಳ್ಳುತ್ತೇನೆ. 2017ರಲ್ಲಿ ಬೇರೆಯವರು ಬರೆದುಕೊಟ್ಟದ್ದು. ಜ್ಯಾಂಗೊ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಫ್ರೇಮ್‌ವರ್ಕ್) 1.11, ಪೈಥಾನ್ 2.7, ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6. ಸುಮಾರು 40 ಸಾವಿರ ಪುಸ್ತಕಗಳಿವೆ. ಡೇಟಾಬೇಸ್ ಬೇರೊಂದು ಊರಿನ ಸರ್ವರ್‌ನಲ್ಲಿದೆ, ಪಿಂಗ್ ಮಾಡಿದರೆ 20 ಮಿಲಿಸೆಕೆಂಡ್ ತೋರಿಸುತ್ತದೆ. 60 ಪುಸ್ತಕ ತೋರಿಸುವ ಪಟ್ಟಿ ಪುಟ ತೆರೆಯಲು ಆರು ಸೆಕೆಂಡ್ ಬೇಕು. ಹುಡುಕಾಟಕ್ಕೆ ಇನ್ನೂ ಜಾಸ್ತಿ. ಮಾಲೀಕರು "ಹೊಸ ವರ್ಷನ್ ಹಾಕಿ, ಸ್ಪೀಡ್ ಆಗುತ್ತೆ" ಅನ್ನುತ್ತಾರೆ. ನೇರವಾಗಿ ಹೊಸ ಜ್ಯಾಂಗೊಗೆ ಹಾರಬಹುದಾ? ಇಲ್ಲಾ ಬೇರೆ ಫ್ರೇಮ್‌ವರ್ಕ್‌ನಲ್ಲಿ ಹೊಸದಾಗಿ ಬರೆಯುವುದೇ ವಾಸಿಯಾ? ಏನಾದರೂ ಕೆಟ್ಟರೆ ಹಳೆಯದಕ್ಕೆ ವಾಪಸ್ ಬರಲು ಆಗುತ್ತಾ?

ಉತ್ತರ: ಸೈಟ್ ಹಳೆಯದು, ನಿಜ. ನಿಧಾನ, ಅದೂ ನಿಜ. ಆದರೆ ಹಳೆಯದಾಗಿದ್ದಕ್ಕೇ ನಿಧಾನ ಅನ್ನಲು ನೀವು ಬರೆದಿರುವುದರಲ್ಲಿ ಯಾವ ಸುಳಿವೂ ಇಲ್ಲ. ಇವು ಎರಡು ಬೇರೆ ಬೇರೆ ಕೆಲಸ. ಎರಡನ್ನೂ ಮಾಡಬೇಕು, ಆದರೆ ಒಟ್ಟಿಗೆ ಬೇಡ. ಮೊದಲು ಈಗಿರುವ 1.11ರಲ್ಲೇ ವೇಗ ಸರಿಮಾಡಿ. ಆಮೇಲೆ ಅಪ್‌ಗ್ರೇಡ್‌ಗೆ ಕೈ ಹಾಕಿ.

ಸುಮ್ನೆ ಒಂದು ಲೆಕ್ಕ ಹಾಕೋಣ. ಪಟ್ಟಿ ಪುಟದಲ್ಲಿ 60 ಪುಸ್ತಕ. ಪ್ರತಿ ಪುಸ್ತಕಕ್ಕೂ ಲೇಖಕರ ಹೆಸರು, ಪ್ರಕಾಶಕರ ಹೆಸರು, ವಿಭಾಗಗಳು, ಒಂದು ಮುಖಪುಟದ ಚಿತ್ರ ತೋರಿಸುತ್ತೀರಿ ಅಂದುಕೊಳ್ಳುತ್ತೇನೆ. ಆ ಕಾಲದಲ್ಲಿ ಅವಸರದಲ್ಲಿ ಬರೆದ ಕೋಡ್ ಆದರೆ ಪುಸ್ತಕಗಳ ಪಟ್ಟಿಗೆ ಒಂದು ಕ್ವೆರಿ (ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆ), ಆಮೇಲೆ ಪ್ರತಿ ಪುಸ್ತಕಕ್ಕೂ ನಾಲ್ಕು ಕ್ವೆರಿ. ಒಟ್ಟು 241. ಪ್ರತಿ ಕ್ವೆರಿಯೂ ಆ ಊರಿಗೆ ಹೋಗಿ ಬರಲು 20 ಮಿಲಿಸೆಕೆಂಡ್ ಹಿಡಿದರೆ, ಬರೀ ಓಡಾಟಕ್ಕೇ 4.8 ಸೆಕೆಂಡ್ ಆಯಿತು. ದಿನಸಿ ಚೀಟಿ ಬರೆದು ಒಂದೇ ಸಲ ಕೊಡುವ ಬದಲು ಉಪ್ಪಿಗೊಮ್ಮೆ, ಬೇಳೆಗೊಮ್ಮೆ, ಬೆಲ್ಲಕ್ಕೊಮ್ಮೆ ಅಂಗಡಿಗೆ ಓಡಿದ ಹಾಗೆ.

ಈಗ ಮಾಲೀಕರು ಹೇಳಿದ್ದನ್ನು ಮಾಡಿದಿರಿ ಅಂತಿಟ್ಟುಕೊಳ್ಳಿ. ಪೈಥಾನ್ 3.11 ಅದರ ಹಿಂದಿನ 3.10ಕ್ಕಿಂತ ಸರಾಸರಿ 1.25 ಪಟ್ಟು ವೇಗ ಅಂತ ಪೈಥಾನ್ ತಂಡದ್ದೇ ಅಳತೆ ಇದೆ. ನಿಮ್ಮ ಕೋಡ್‌ಗೂ ಅಷ್ಟು ಲಾಭ ಸಿಕ್ಕಿತು ಅನ್ನೋಣ. ಆದರೆ ಆ ಲಾಭ ಸಿಗುವುದು ಪೈಥಾನ್ ಕೆಲಸ ಮಾಡುವ ಉಳಿದ 1.2 ಸೆಕೆಂಡಿಗೆ ಮಾತ್ರ. ಅದು 0.96 ಆಗುತ್ತದೆ. ಆರು ಸೆಕೆಂಡಿನ ಪುಟ 5.76ಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ಒದ್ದಾಡಿ ಕಾಲು ಸೆಕೆಂಡ್ ಉಳಿಸಿದಿರಿ ಅಂದರೆ ಮಾಲೀಕರು ಏನಂತಾರೆ ಅಂತ ನಿಮಗೇ ಗೊತ್ತು.

ಆದ್ದರಿಂದ ಮೊದಲು ಅಳೆಯಿರಿ. ಒಂದು ಪುಟಕ್ಕೆ ಎಷ್ಟು ಕ್ವೆರಿ ಹೋಯಿತು ಅಂತ ತೋರಿಸುವ ಜ್ಯಾಂಗೊ ಡೀಬಗ್ ಟೂಲ್‌ಬಾರ್ ಹಾಕಿಕೊಳ್ಳಿ. ಅದರ 2.0 ಪೈಥಾನ್ 2ರಲ್ಲಿ ನಡೆಯುವುದಿಲ್ಲ, ಟೂಲ್‌ಬಾರಿನದೇ 1.11 ಸರಣಿಯದ್ದನ್ನು ಹಾಕಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸಿನ ಒಂದು ಪ್ರತಿ ಇಟ್ಟುಕೊಂಡು ಪಟ್ಟಿ ಪುಟ ತೆರೆಯಿರಿ. ಇಲ್ಲಿ ಬಹಳ ಜನ ಎಡವುತ್ತಾರೆ: ಲ್ಯಾಪ್‌ಟಾಪ್‌ನಲ್ಲಿ ಡೇಟಾಬೇಸ್ ಪಕ್ಕದಲ್ಲೇ ಇರುವುದರಿಂದ ಪುಟ ಚಕ್ ಅಂತ ಬರುತ್ತದೆ. "ನನ್ನ ಹತ್ತಿರ ಚೆನ್ನಾಗೇ ಓಡ್ತಿದೆ, ಸರ್ವರ್ ಸರಿ ಇಲ್ಲ" ಅಂದುಬಿಡುತ್ತಾರೆ. ಸಮಯ ನೋಡಬೇಡಿ, ಕ್ವೆರಿಗಳ ಸಂಖ್ಯೆ ನೋಡಿ. ಒಂದೇ ಥರದ ಕ್ವೆರಿ 60 ಸಲ ಬಂದಿದ್ದರೆ ಟೂಲ್‌ಬಾರ್ ಅದನ್ನು ಗುರುತು ಹಾಕಿ ತೋರಿಸುತ್ತದೆ.

ಮದ್ದು ಹೊಸದೇನಲ್ಲ, ನಿಮ್ಮ 1.11ರಲ್ಲೇ ಇದೆ. ಲೇಖಕ, ಪ್ರಕಾಶಕ ಇವು ಫಾರಿನ್ ಕೀ (ಇನ್ನೊಂದು ಟೇಬಲ್ಲಿನ ಒಂದು ಸಾಲಿಗೆ ಕೊಂಡಿ) ಆಗಿರುತ್ತವೆ, ಅವಕ್ಕೆ 'ಸೆಲೆಕ್ಟ್ ರಿಲೇಟೆಡ್'. ಅದು ಟೇಬಲ್ಲುಗಳನ್ನು ಜೋಡಿಸಿ (ಜಾಯಿನ್ ಮಾಡಿ) ಮೊದಲನೇ ಕ್ವೆರಿಯಲ್ಲೇ ತಂದುಕೊಡುತ್ತದೆ. ಒಂದು ಪುಸ್ತಕಕ್ಕೆ ಹಲವು ವಿಭಾಗ, ಹಲವು ಚಿತ್ರ ಇರುತ್ತವಲ್ಲ, ಅವಕ್ಕೆ 'ಪ್ರಿಫೆಚ್ ರಿಲೇಟೆಡ್'. ಅರವತ್ತೂ ಪುಸ್ತಕದ ವಿಭಾಗಗಳಿಗೆ ಒಂದು ಕ್ವೆರಿ, ಚಿತ್ರಗಳಿಗೆ ಇನ್ನೊಂದು. 241 ಇದ್ದದ್ದು 3 ಆಯಿತು. ಓಡಾಟ 4.8 ಸೆಕೆಂಡಿನಿಂದ 0.06ಕ್ಕೆ ಬಂತು.

ಒಂದು ಗುಟ್ಟು ಇದೆ. ಪ್ರಿಫೆಚ್ ಹಾಕಿದ ಮೇಲೂ ಕ್ವೆರಿ ಕಮ್ಮಿ ಆಗಲಿಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಹೆಚ್ಚಿನ ಸಲ ತಪ್ಪು ಇರುವುದು ಇನ್ನೊಂದು ಕಡೆ. ಮಾಡೆಲ್‌ನಲ್ಲಿ 'ಮುಖ್ಯ ಚಿತ್ರ' ಅಂತ ಒಂದು ಮೆಥಡ್ ಇರುತ್ತದೆ, ಅದರೊಳಗೆ ಚಿತ್ರಗಳ ಮೇಲೆ 'ಫಿಲ್ಟರ್' ಕರೆದಿರುತ್ತಾರೆ. ಪ್ರಿಫೆಚ್ ಮಾಡಿಟ್ಟದ್ದು ಪೂರ್ತಿ ಪಟ್ಟಿ. ಅದರ ಮೇಲೆ ಫಿಲ್ಟರ್ ಅಂದ ಕೂಡಲೇ ಜ್ಯಾಂಗೊ ಕೈಯಲ್ಲಿರುವುದನ್ನು ಬಿಟ್ಟು ಮತ್ತೆ ಡೇಟಾಬೇಸಿಗೆ ಓಡುತ್ತದೆ. ಆಗ ಪ್ರಿಫೆಚ್‌ದೂ ದಂಡ, ಫಿಲ್ಟರ್‌ದೂ ದಂಡ. 'ಪ್ರಿಫೆಚ್' ಆಬ್ಜೆಕ್ಟ್ ಬಳಸಿ, ಫಿಲ್ಟರ್ ಮಾಡಿದ ಕ್ವೆರಿಸೆಟ್ಟನ್ನೇ ಅದಕ್ಕೆ ಕೊಟ್ಟು, 'ಟು ಆಟ್ರ್' ಅಂತ ಒಂದು ಹೆಸರು ಕೊಡಿ. ಟೆಂಪ್ಲೇಟಿನಲ್ಲಿ ಆ ಹೆಸರನ್ನೇ ಬಳಸಿ.

ಇದು ಸರಿಹೋದ ಮೇಲೆ ಕ್ವೆರಿಗಳ ಸಂಖ್ಯೆ ತಾಳೆ ನೋಡುವ 'ಅಸರ್ಟ್ ನಮ್ ಕ್ವೆರೀಸ್' ಹಾಕಿ ಒಂದು ಟೆಸ್ಟ್ ಬರೆದಿಡಿ. ನಾಳೆ ಯಾರೋ ಬಂದು ಟೆಂಪ್ಲೇಟಿಗೆ ಒಂದು ಸಾಲು ಸೇರಿಸಿ 60 ಕ್ವೆರಿ ಹೆಚ್ಚಿಸಿದರೆ ಅವತ್ತೇ ಗೊತ್ತಾಗಬೇಕು.

ಇನ್ನು ಹುಡುಕಾಟ. 40 ಸಾವಿರ ಸಾಲು ಪೋಸ್ಟ್‌ಗ್ರೆಸ್‌ಗೆ ಲೆಕ್ಕವೇ ಅಲ್ಲ. ಹಾಗಿದ್ದೂ ನಿಧಾನ ಅಂದರೆ ನನ್ನ ಊಹೆ ಇದು: ಶೀರ್ಷಿಕೆ, ಪರಿಚಯದ ಉದ್ದನೆಯ ಪಠ್ಯ, ಲೇಖಕ, ವಿಭಾಗ ಎಲ್ಲವನ್ನೂ 'ಐಕಂಟೇನ್ಸ್' (ಪಠ್ಯದಲ್ಲಿ ಎಲ್ಲಿದ್ದರೂ ಹುಡುಕು) ಹಾಕಿ 'ಅಥವಾ' ಅಂತ ಜೋಡಿಸಿದ್ದಾರೆ. ವಿಭಾಗ ಸೇರಿದ್ದರಿಂದ ಒಂದೇ ಪುಸ್ತಕ ಎರಡು ಮೂರು ಸಲ ಬಂತು, ಅದಕ್ಕೆ 'ಡಿಸ್ಟಿಂಕ್ಟ್' ಹಾಕಿದ್ದಾರೆ. ಪುಟಗಳ ಸಂಖ್ಯೆ ಹೇಳಲು ಪೇಜಿನೇಟರ್ ಅದೇ ಭಾರದ ಕ್ವೆರಿಯನ್ನು ಎಣಿಕೆಗಾಗಿ ಇನ್ನೊಮ್ಮೆ ಓಡಿಸುತ್ತದೆ. ಮೇಲೆ ಆ 241ರ ಕಥೆ ಇಲ್ಲೂ ಇದೆ. ಮೊದಲು ಪರಿಚಯದ ಪಠ್ಯವನ್ನು ಹುಡುಕಾಟದಿಂದ ತೆಗೆದು ನೋಡಿ. ಪುಸ್ತಕದಂಗಡಿಗೆ ಬಂದವರು ಹೆಚ್ಚಾಗಿ ಹೆಸರು ಹಿಡಿದೇ ಹುಡುಕುತ್ತಾರೆ, ಅಲ್ವಾ? ಆಮೇಲೆ ಶೀರ್ಷಿಕೆಗೂ ಲೇಖಕರ ಹೆಸರಿಗೂ ಪೋಸ್ಟ್‌ಗ್ರೆಸ್‌ನ ಟ್ರೈಗ್ರಾಮ್ (ಪದವನ್ನು ಮೂರು ಮೂರು ಅಕ್ಷರದ ತುಂಡು ಮಾಡುವ) ಎಕ್ಸ್‌ಟೆನ್ಶನ್ ಬಳಸಿ ಜಿನ್ ಇಂಡೆಕ್ಸ್ ಮಾಡಿ. ಮಾಮೂಲಿ ಇಂಡೆಕ್ಸ್ ಪದದ ನಡುವೆ ಹುಡುಕಲು ಕೆಲಸಕ್ಕೆ ಬರುವುದಿಲ್ಲ, ಇದು ಬರುತ್ತದೆ. 1.11ರಲ್ಲಿ ಇದನ್ನು ಮೈಗ್ರೇಶನ್ (ಡೇಟಾಬೇಸಿನ ರಚನೆ ಬದಲಿಸುವ ಫೈಲ್) ಒಳಗೆ ನೇರ ಎಸ್‌ಕ್ಯೂಎಲ್ ಬರೆದೇ ಮಾಡಬೇಕು. ಒಂದು ಎಚ್ಚರಿಕೆ, ಇದು ನಮ್ಮಂಥ ಭಾಷೆಯವರಿಗೆ ಮಾತ್ರ ತಟ್ಟುವಂಥದ್ದು: ಡೇಟಾಬೇಸಿನ ಲೊಕೇಲ್ (ಭಾಷೆಯ ಸೆಟ್ಟಿಂಗ್) 'ಸಿ' ಅಂತ ಇದ್ದರೆ ಟ್ರೈಗ್ರಾಮ್ ಕನ್ನಡ ಅಕ್ಷರಗಳನ್ನು ಅಕ್ಷರ ಅಂತಲೇ ಎಣಿಸುವುದಿಲ್ಲ. ಯುಟಿಎಫ್-8 ಲೊಕೇಲ್ ಇದೆಯಾ ನೋಡಿಕೊಳ್ಳಿ.

ಸರ್ವರ್‌ನಲ್ಲಿ ಮೂರು ಕಡೆ ಕಣ್ಣಾಡಿಸಿ, ಮೊದಲೆರಡು ಜ್ಯಾಂಗೊ ಸೆಟ್ಟಿಂಗ್ಸ್ ಫೈಲಿನಲ್ಲಿವೆ. ಲೈವ್ ಸರ್ವರ್‌ನಲ್ಲಿ 'ಡೀಬಗ್' ಟ್ರೂ ಆಗಿಯೇ ಉಳಿದಿದೆಯಾ? ಉಳಿದಿದ್ದರೆ ಭದ್ರತೆಗೂ ಕೇಡು, ಟೆಂಪ್ಲೇಟ್ ಕ್ಯಾಶೂ ಆಗುವುದಿಲ್ಲ. 'ಕಾನ್ ಮ್ಯಾಕ್ಸ್ ಏಜ್' ಹೇಳಿರದಿದ್ದರೆ ಅದು ಸೊನ್ನೆ. ಅಂದರೆ ಪ್ರತಿ ರಿಕ್ವೆಸ್ಟಿಗೂ ಡೇಟಾಬೇಸ್ ಕನೆಕ್ಷನ್ ಹೊಸದಾಗಿ ತೆರೆದು ಮುಚ್ಚುತ್ತದೆ. ನಿಮ್ಮ ಹಾಗೆ ಡೇಟಾಬೇಸ್ ದೂರ ಇದ್ದರೆ ಅದರ ಕೈಕುಲುಕಾಟಕ್ಕೇ ಹಲವು ಸುತ್ತು ಬೇಕು. 60 ಅಂತ ಕೊಡಿ. ಮೂರನೆಯದು ಜ್ಯಾಂಗೊವನ್ನು ಓಡಿಸುವ ಸರ್ವರ್ ಆದ ಗುನಿಕಾರ್ನ್‌ನ ಸೆಟ್ಟಿಂಗ್: ಹೇಳದಿದ್ದರೆ ಅದು ಓಡಿಸುವುದು ಒಂದೇ ವರ್ಕರ್. ಯಾರೋ ಒಬ್ಬರು ದೊಡ್ಡ ರಿಪೋರ್ಟ್ ತೆಗೆಯುತ್ತಾ ಕೂತರೆ ಉಳಿದವರೆಲ್ಲ ಕಾಯಬೇಕು. ಕೋರ್‌ಗಳ ಎರಡರಷ್ಟು ಕೂಡಿಸು ಒಂದು ಅನ್ನುವುದು ಗುನಿಕಾರ್ನ್‌ನವರೇ ಹೇಳುವ ಅಂದಾಜು.

ಸಾಧ್ಯವಾದರೆ ಡೇಟಾಬೇಸನ್ನು ಅಪ್ಲಿಕೇಶನ್ ಇರುವ ಡೇಟಾಸೆಂಟರಿಗೇ ತನ್ನಿ. ಈ ಒಂದು ಕೆಲಸದಿಂದ ಸಿಗುವ ವೇಗ ಯಾವ ಹೊಸ ವರ್ಷನ್ನೂ ಕೊಡುವುದಿಲ್ಲ.

ಸರಿ, ಇಷ್ಟೆಲ್ಲ ಆದಮೇಲೆ ಪುಟ ಒಂದು ಸೆಕೆಂಡಿನ ಆಸುಪಾಸಿಗೆ ಬಂತು ಅಂತಿಟ್ಟುಕೊಳ್ಳಿ. ಆಗ "ಹಾಗಾದರೆ ಅಪ್‌ಗ್ರೇಡ್ ಯಾಕೆ?" ಅಂತ ಮಾಲೀಕರೇ ಕೇಳಬಹುದು. ಉತ್ತರ ಭದ್ರತೆ. ಪೈಥಾನ್ 2ಕ್ಕೆ 2020ರ ಜನವರಿ 1ರಿಂದ ಬೆಂಬಲ ಇಲ್ಲ. ಜ್ಯಾಂಗೊ 1.11ಕ್ಕೆ ಅದೇ ವರ್ಷ ಏಪ್ರಿಲ್‌ನಲ್ಲಿ ನಿಂತಿತು. ಪೋಸ್ಟ್‌ಗ್ರೆಸ್ 9.6ಕ್ಕೆ 2021ರ ನವೆಂಬರ್‌ನಲ್ಲಿ. ಗ್ರಾಹಕರ ವಿಳಾಸ, ಫೋನ್ ನಂಬರ್ ಇಟ್ಟುಕೊಂಡ ಅಂಗಡಿ ಇವುಗಳ ಮೇಲೆ ನಿಂತಿರುವುದು ಸರಿಯಲ್ಲ. ನಿಲ್ಲಬೇಕಾದ ಗುರಿ ಜ್ಯಾಂಗೊ 5.2. ಅದು ದೀರ್ಘಾವಧಿ ಬೆಂಬಲದ ಆವೃತ್ತಿ, 2028ರ ಏಪ್ರಿಲ್‌ವರೆಗೆ ಭದ್ರತಾ ತಿದ್ದುಪಡಿ ಬರುತ್ತದೆ.

ನೇರವಾಗಿ ಹಾರಬೇಡಿ. 1.11ಕ್ಕೆ ಒಂದು ಒಳ್ಳೆಯ ಗುಣ ಇದೆ: ಅದು ಪೈಥಾನ್ 2.7ರಲ್ಲೂ ಓಡುತ್ತದೆ, 3.7ರಲ್ಲೂ ಓಡುತ್ತದೆ. ಹಾಗಾಗಿ ಮೊದಲು ಜ್ಯಾಂಗೊ ಮುಟ್ಟದೆ ಪೈಥಾನ್ ಮಾತ್ರ ಬದಲಿಸಿ. ಅದು ನೆಟ್ಟಗೆ ನಿಂತ ಮೇಲೆ ಜ್ಯಾಂಗೊ 2.2, ಆಮೇಲೆ 3.2. ಅಲ್ಲಿ ನಿಂತು ಪೈಥಾನನ್ನು 3.10ಕ್ಕೆ ಏರಿಸಿ. ಜ್ಯಾಂಗೊ 3.2, 4.2, 5.2 ಮೂರೂ ಪೈಥಾನ್ 3.10ರಲ್ಲಿ ಓಡುವುದರಿಂದ ಮುಂದಿನ ದಾರಿಯಲ್ಲಿ ಒಂದು ಸಲಕ್ಕೆ ಒಂದೇ ವಸ್ತು ಬದಲಾಗುತ್ತದೆ. ಪ್ರತಿ ಹಂತದಲ್ಲೂ ಟೆಸ್ಟ್‌ಗಳನ್ನು ವಾರ್ನಿಂಗ್ ತೋರಿಸುವ ಹಾಗೆ ಓಡಿಸಿ. ಹಂತ ದಾಟುವ ಮೊದಲೇ ಆ ವಾರ್ನಿಂಗ್ ಎಲ್ಲ ತೀರಿಸಿಕೊಳ್ಳಿ. ಮುಂದಿನ ಹಂತದಲ್ಲಿ ಒಡೆಯುವುದು ಹೆಚ್ಚಾಗಿ ಅವೇ.

ಹೆಚ್ಚು ಬೆವರು ಸುರಿಯುವುದು ಪೈಥಾನ್ 2ರಿಂದ 3ಕ್ಕೆ ಹೋಗುವಾಗ. ಎರರ್ ಕೊಟ್ಟು ನಿಲ್ಲುವ ತಪ್ಪುಗಳು ಬಿಡಿ, ಅವು ಕಣ್ಣಿಗೆ ಬೀಳುತ್ತವೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವವು ಅಪಾಯ. ಪೈಥಾನ್ 2ರಲ್ಲಿ 'ಕನ್ನಡ' ಅನ್ನುವ ಮಾಮೂಲಿ ಸ್ಟ್ರಿಂಗಿನ ಉದ್ದ 15, ಯಾಕೆಂದರೆ ಅದು ಬೈಟ್ ಎಣಿಸುತ್ತದೆ. ಪೈಥಾನ್ 3ರಲ್ಲಿ 5. ಪುಸ್ತಕದ ಹೆಸರು ಎಲ್ಲೋ ಇಂಥ ಮಾಮೂಲಿ ಸ್ಟ್ರಿಂಗ್ ಆಗಿದ್ದು, ಅದನ್ನು 90ಕ್ಕೆ ಕತ್ತರಿಸು ಅಂತ ಬರೆದಿದ್ದರೆ ಇನ್ನು ಮೇಲೆ ಹೆಸರು ಮೂರು ಪಟ್ಟು ಉದ್ದ ಬಂದು ಡಿಸೈನ್ ಕೆಡುತ್ತದೆ. ಸಿಎಸ್‌ವಿ ತೆಗೆಯುವ ಕಡೆ 'ಎನ್‌ಕೋಡ್' ಅಂತ ಇದ್ದರೆ ಕನ್ನಡದ ಬದಲು ಒಂದು ಇಂಗ್ಲಿಷ್ 'ಬಿ' ಅಕ್ಷರ, ಅದರ ಹಿಂದೆ ಸ್ಲ್ಯಾಶುಗಳ ಸಾಲು ಬಂದು ಕೂರುತ್ತದೆ. ಕನ್ನಡ ಸೈಟ್‌ಗಳಲ್ಲಿ ಈ ಕೆಲಸ ಇಂಗ್ಲಿಷ್ ಸೈಟ್‌ಗಿಂತ ಜಾಸ್ತಿ ಹಿಡಿಯುತ್ತದೆ. ಮಾಲೀಕರಿಗೆ ಅಂದಾಜು ಕೊಡುವಾಗ ಇದನ್ನು ಸೇರಿಸಿಕೊಳ್ಳಿ.

ದುಡ್ಡಿನ ಲೆಕ್ಕ ಇನ್ನೂ ನಾಜೂಕು. ಪೈಥಾನ್ 2ರಲ್ಲಿ 5ನ್ನು 2ರಿಂದ ಭಾಗಿಸಿದರೆ 2, ಪೈಥಾನ್ 3ರಲ್ಲಿ 2.5. 'ರೌಂಡ್' ಕೂಡ ಬದಲಾಗಿದೆ. 12.5ನ್ನು ರೌಂಡ್ ಮಾಡಿದರೆ ಹಳೆಯದು 13 ಅನ್ನುತ್ತಿತ್ತು, ಹೊಸದು 12 ಅನ್ನುತ್ತದೆ. ಸರಿಯಾಗಿ ಅರ್ಧ ಬಂದರೆ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಹತ್ತು ಪರ್ಸೆಂಟ್ ರಿಯಾಯಿತಿ ಕೊಟ್ಟು 125 ರೂಪಾಯಿ ಪುಸ್ತಕದ ರಿಯಾಯಿತಿ ಎಷ್ಟು ಅಂತ ಲೆಕ್ಕ ಹಾಕುವಾಗ ಬಿಲ್ಲಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದೇ ಬರುತ್ತದೆ. ದುಡ್ಡು ಇರುವ ಕಡೆಯೆಲ್ಲ ಡೆಸಿಮಲ್ ಬಳಸಿ, ಹೇಗೆ ರೌಂಡ್ ಮಾಡಬೇಕು ಅಂತ ಬಾಯಿಬಿಟ್ಟು ಹೇಳಿ.

ಲೈಬ್ರರಿಗಳ ಕಾಟ ಪ್ರತಿ ಹಂತಕ್ಕೂ ಇದ್ದದ್ದೇ. ಎರಡು ಮಾತ್ರ ಹೇಳಿಬಿಡುತ್ತೇನೆ, ಯಾಕೆಂದರೆ ಇವುಗಳ ಎರರ್ ಮೆಸೇಜ್ ಓದಿದರೆ ಕಾರಣ ತಿಳಿಯುವುದಿಲ್ಲ. ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ 'ಸೈಕೋಪಿಜಿ2' 2.9ಕ್ಕೆ ಹೋದರೆ ಹಳೆಯ ಜ್ಯಾಂಗೊ "ಕನೆಕ್ಷನ್ ಯುಟಿಸಿಯಲ್ಲಿ ಇಲ್ಲ" ಅಂತ ತಕರಾರು ತೆಗೆಯುತ್ತದೆ. ಜ್ಯಾಂಗೊ 3.2 ಮುಟ್ಟುವವರೆಗೆ ಅದರ 2.8 ಸರಣಿಯಲ್ಲೇ ಇರಿ. ಹಿನ್ನೆಲೆಯಲ್ಲಿ ಕೆಲಸ ಓಡಿಸಲು ಸೆಲರಿ ಬಳಸುತ್ತಿದ್ದರೆ, ಪೈಥಾನ್ 3.7ರಲ್ಲಿ 'ಅಸಿಂಕ್' ಅನ್ನುವುದು ಮೀಸಲು ಪದ ಆಯಿತು, ಸೆಲರಿಯ ಒಳಗೆ ಅದೇ ಹೆಸರಿನ ಮಾಡ್ಯೂಲ್ ಇತ್ತು. 4.3ಕ್ಕಿಂತ ಹಳೆಯ ಸೆಲರಿ ಅಲ್ಲಿ ಏಳುವುದೇ ಇಲ್ಲ.

ಜ್ಯಾಂಗೊ 3.2ರಲ್ಲಿ ಕನಿಷ್ಠ ಎರಡು ವಾರ ನಿಲ್ಲಿ. ಇದಕ್ಕೆ ಕಾರಣ ಇದೆ. ಸೆಷನ್ (ಗ್ರಾಹಕರ ಲಾಗಿನ್ ನೆನಪಿಟ್ಟುಕೊಳ್ಳುವ ದಾಖಲೆ) ಬರೆದಿಡುವ ರೀತಿ 3.1ರಲ್ಲಿ ಬದಲಾಯಿತು. 3.2ರವರೆಗೆ ಹಳೆಯ ಸೆಷನ್ನನ್ನೂ ಓದುತ್ತದೆ, 4.0ರಿಂದ ಓದುವುದಿಲ್ಲ. 2.2ರಿಂದ ನೇರ 4.2ಕ್ಕೆ ಹೋದರೆ ಎಲ್ಲ ಗ್ರಾಹಕರೂ ಲಾಗೌಟ್ ಆಗುತ್ತಾರೆ. ಕಾರ್ಟ್ ಸೆಷನ್‌ನಲ್ಲಿದ್ದರೆ ಅವರು ಆರಿಸಿಟ್ಟ ಪುಸ್ತಕಗಳೂ ಹೋದವು. ಸೆಷನ್ನಿನ ಮಾಮೂಲಿ ಆಯುಸ್ಸು ಎರಡು ವಾರ, ಅಷ್ಟು ಕಾದರೆ ಹಳೆಯವು ತಾವಾಗಿಯೇ ಮುಗಿಯುತ್ತವೆ. ಅದೇ ಹಂತದಲ್ಲಿ ಪ್ರೈಮರಿ ಕೀ (ಪ್ರತಿ ಸಾಲಿನ ಐಡಿ) ಬಗ್ಗೆ ಒಂದು ವಾರ್ನಿಂಗ್ ಬರುತ್ತದೆ. 'ಡಿಫಾಲ್ಟ್ ಆಟೊ ಫೀಲ್ಡ್' ಅನ್ನು ಹಳೆಯ 'ಆಟೊಫೀಲ್ಡ್' ಅಂತಲೇ ಇಡಿ. ದೊಡ್ಡದಕ್ಕೆ ಬದಲಿಸಿದರೆ ಪ್ರತಿ ಟೇಬಲ್ಲನ್ನೂ ಲಾಕ್ ಮಾಡಿ ಪೂರ್ತಿ ಹೊಸದಾಗಿ ಬರೆಯುತ್ತದೆ, ನಿಮಗೆ ಅದರ ಅಗತ್ಯವೇ ಇಲ್ಲ.

4.2ಕ್ಕೆ ಹೋಗುವ ಮುಂಚೆ ಪೋಸ್ಟ್‌ಗ್ರೆಸ್ ಏರಿಸಬೇಕು. ಅದಕ್ಕೆ ಕನಿಷ್ಠ 12 ಬೇಕು, 5.2ಕ್ಕೆ 14. ಎರಡು ಸಲ ಯಾಕೆ, ಒಂದೇ ಸಲ 14 ಅಥವಾ ಮೇಲಿನದಕ್ಕೆ ಹೋಗಿ. ಏರಿಸಿದ ತಕ್ಷಣ 'ಅನಲೈಜ್' ಓಡಿಸುವುದನ್ನು ಮರೆಯಬೇಡಿ. 'ಪಿಜಿ ಅಪ್‌ಗ್ರೇಡ್' ಬಳಸಿ 17ರವರೆಗಿನ ಆವೃತ್ತಿಗೆ ಹೋದರೆ ಟೇಬಲ್ಲುಗಳ ಅಂಕಿಅಂಶ ಜೊತೆಗೆ ಬರುವುದಿಲ್ಲ. ಅದಿಲ್ಲದೆ ಡೇಟಾಬೇಸ್ ಕಣ್ಣುಕಟ್ಟಿದ ಹಾಗೆ ಪ್ಲಾನ್ ಹಾಕುತ್ತದೆ, ಇಂಡೆಕ್ಸ್ ಇದ್ದರೂ ಬಿಡುತ್ತದೆ. "ಅಪ್‌ಗ್ರೇಡ್ ಮಾಡಿದ ಮೇಲೆ ಇನ್ನೂ ನಿಧಾನ ಆಯ್ತು" ಅನ್ನುವವರಲ್ಲಿ ಹಲವರ ಕಥೆ ಇದೇ.

4.0ರಿಂದ ಇನ್ನೊಂದು ಬದಲಾವಣೆ: ಫಾರ್ಮ್ ಕಳಿಸುವಾಗ ಒರಿಜಿನ್ ಹೆಡರ್ (ಫಾರ್ಮ್ ಯಾವ ಸೈಟಿನಿಂದ ಬಂತು ಅನ್ನುವ ವಿವರ) ತಾಳೆ ನೋಡುತ್ತದೆ. ಮುಂದೆ ನಿಂತ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲೇ ಎಚ್‌ಟಿಟಿಪಿಎಸ್ ಮುಗಿಸಿ ಒಳಗೆ ಬರೀ ಎಚ್‌ಟಿಟಿಪಿ ಕಳಿಸುತ್ತಿದ್ದರೆ ಪುಟಗಳೆಲ್ಲ ಚೆನ್ನಾಗಿ ತೆರೆಯುತ್ತವೆ, 'ಆರ್ಡರ್ ಮಾಡಿ' ಒತ್ತಿದರೆ ಮಾತ್ರ 403. 'ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್' ಸರಿಯಾಗಿ ಹೇಳಿ. 'ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಒರಿಜಿನ್ಸ್' ಬಳಸುತ್ತಿದ್ದರೆ ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಸೇರಿಸಿ.

ಅಪ್‌ಗ್ರೇಡ್ ಆದಮೇಲೆ ಒಂದು ಪುಟ ಮಾತ್ರ ಖಂಡಿತ ನಿಧಾನವಾಗುತ್ತದೆ: ಲಾಗಿನ್. ಪಾಸ್‌ವರ್ಡ್ ಹ್ಯಾಶ್ ಮಾಡಲು (ಗುರುತು ಸಿಗದ ಹಾಗೆ ಬದಲಿಸಿಡಲು) 1.11 ಸುತ್ತುತ್ತಿದ್ದದ್ದು 36,000 ಸಲ. 4.2 ಸುತ್ತುವುದು 6 ಲಕ್ಷ ಸಲ, 5.2 ಹತ್ತು ಲಕ್ಷ ಸಲ. ಬೇಕೆಂದೇ ಹಾಗೆ ಮಾಡಿದ್ದಾರೆ, ಪಾಸ್‌ವರ್ಡ್ ಕದ್ದವನಿಗೂ ಅಷ್ಟೇ ಕಷ್ಟವಾಗಲಿ ಅಂತ. ಇದನ್ನು ಕಮ್ಮಿ ಮಾಡಲು ಹೋಗಬೇಡಿ. ಟೆಸ್ಟ್ ಸೆಟ್ಟಿಂಗ್ಸ್‌ನಲ್ಲಿ ಮಾತ್ರ ಹಗುರವಾದ ಎಂಡಿ5 ಹ್ಯಾಶರ್ ಹಾಕಿಕೊಳ್ಳಿ, ಇಲ್ಲದಿದ್ದರೆ ಟೆಸ್ಟ್ ಮುಗಿಯುವಷ್ಟರಲ್ಲಿ ಕಾಫಿ ಆರಿರುತ್ತದೆ.

ಹೊಸ ಆವೃತ್ತಿಯಿಂದ ವೇಗಕ್ಕೆ ಏನೂ ಸಿಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಒಂದೇ ಹೊಡೆತಕ್ಕೆ ಸಾವಿರ ಪುಸ್ತಕದ ಬೆಲೆ ಬದಲಿಸಲು 2.2ರಿಂದ 'ಬಲ್ಕ್ ಅಪ್‌ಡೇಟ್' ಇದೆ. ಸೈಟ್ ನಿಲ್ಲಿಸದೆ ಇಂಡೆಕ್ಸ್ ಕಟ್ಟಲು 3.0ರಿಂದ ಸೌಲಭ್ಯ ಬಂತು. ರೆಡಿಸ್ ಕ್ಯಾಶ್ 4.0ರಿಂದ ಜ್ಯಾಂಗೊ ಒಳಗೇ ಇದೆ. 5.1ರಿಂದ ಪೋಸ್ಟ್‌ಗ್ರೆಸ್ ಕನೆಕ್ಷನ್ ಪೂಲ್ ಸಿಗುತ್ತದೆ, ಅದಕ್ಕೆ ಹೊಸ 'ಸೈಕೋಪಿಜಿ 3' ಬೇಕು. ಇವೆಲ್ಲ ನೀವು ಕೈಯಾರೆ ಬಳಸಿದರೆ ಮಾತ್ರ. ಅಸಿಂಕ್ (ಒಂದರ ಉತ್ತರಕ್ಕೆ ಕಾಯುತ್ತಾ ಇನ್ನೊಂದು ಕೆಲಸ ಮಾಡುವ ವಿಧಾನ) ಹಿಂದೆ ಮಾತ್ರ ಓಡಬೇಡಿ. ಡೇಟಾಬೇಸ್ ಜೊತೆ ಮಾತಾಡುವ ಜ್ಯಾಂಗೊ ಓಆರ್‌ಎಂನ ಅಸಿಂಕ್ ಮೆಥಡ್‌ಗಳು ಒಳಗೆ ಇನ್ನೂ ಥ್ರೆಡ್ಡಿನಲ್ಲೇ ಕೆಲಸ ಮಾಡುತ್ತವೆ. ಪುಸ್ತಕದ ಪಟ್ಟಿ ತೋರಿಸುವ ಸೈಟಿಗೆ ಅದರಿಂದ ಲಾಭ ಇಲ್ಲ.

ಹೊಸದಾಗಿ ಬರೆಯುವ ವಿಚಾರಕ್ಕೆ ನನ್ನ ಉತ್ತರ ಬೇಡ. ಬೇರೆ ಫ್ರೇಮ್‌ವರ್ಕ್‌ನಲ್ಲಿ 241 ಕ್ವೆರಿ ಬರೆದರೆ ಅಲ್ಲೂ 4.8 ಸೆಕೆಂಡೇ. ಜೊತೆಗೆ ಅಡ್ಮಿನ್ ಪುಟಗಳನ್ನೆಲ್ಲ ನೀವೇ ಕಟ್ಟಬೇಕು.

ವಾಪಸ್ ಬರುವ ಬಗ್ಗೆ. ಪ್ರತಿ ಹಂತಕ್ಕೂ ಹೊಸ ಸರ್ವರ್ ಪಕ್ಕದಲ್ಲೇ ಎಬ್ಬಿಸಿ, ಎಂಜಿನ್‌ಎಕ್ಸ್‌ನಲ್ಲಿ ದಾರಿ ತಿರುಗಿಸಿ, ಹಳೆಯದನ್ನು ಹಾಗೇ ಬಿಟ್ಟಿರಿ. ರಾಜ್ಯೋತ್ಸವದ ರಿಯಾಯಿತಿ ಮಾರಾಟ ಇರುವ ನವೆಂಬರ್‌ನಲ್ಲಿ ಮಾತ್ರ ಕೈ ಹಾಕಬೇಡಿ. ಹಿಂದಕ್ಕೆ ಹೋದರೆ ಪಾಸ್‌ವರ್ಡ್‌ಗೆ ತೊಂದರೆ ಇಲ್ಲ. ಎಷ್ಟು ಸುತ್ತು ಅನ್ನುವುದು ಹ್ಯಾಶ್ ಜೊತೆಗೇ ಬರೆದಿರುತ್ತದೆ, ಹಳೆಯ ಜ್ಯಾಂಗೊ ಅದನ್ನು ಓದಿ ಅಷ್ಟೇ ಸುತ್ತುತ್ತದೆ. 3.2ರಿಂದ 2.2ಕ್ಕೆ ಇಳಿದರೆ ಮಾತ್ರ ಹೊಸ ಸೆಷನ್‌ಗಳು ಓದಿಸಿಕೊಳ್ಳುವುದಿಲ್ಲ. ಕ್ಯಾಶ್ ಇನ್ನೊಂದು ತಲೆನೋವು: ಪೈಥಾನ್ 3 ಪಿಕಲ್ ಮಾಡಿಟ್ಟದ್ದನ್ನು ಪೈಥಾನ್ 2 ಬಿಚ್ಚಲಾರದು. ಎರಡು ಸರ್ವರ್‌ಗೂ ಬೇರೆ ಬೇರೆ 'ಕೀ ಪ್ರಿಫಿಕ್ಸ್' ಕೊಟ್ಟುಬಿಡಿ. ಹೊಸ ಮೈಗ್ರೇಶನ್‌ಗಳಲ್ಲಿ ಕಾಲಂ ಸೇರಿಸುವುದಾದರೆ ಖಾಲಿ ಬಿಡಬಹುದಾದ ಕಾಲಂ ಮಾಡಿ. ಕಾಲಂ ಅಳಿಸುವುದು, ಹೆಸರು ಬದಲಿಸುವುದು ಇದ್ದರೆ ಹಳೆಯ ಸರ್ವರ್ ಪೂರ್ತಿ ಆರಿಸಿದ ಮೇಲೆ ಇಟ್ಟುಕೊಳ್ಳಿ.